ಹಾವೇರಿಯ ಬೇಸಿಗೆಯಲ್ಲಿ ಹಿಮಗಟ್ಟಿದ ಏಸಿ ಮತ್ತು ಗ್ಯಾಸಿನ ಲೆಕ್ಕ

ಏಪ್ರಿಲ್ ಕೊನೆಯಲ್ಲಿ ಶುರುವಾದ ನಮ್ಮ ಮನೆಯ ಏಸಿಯ ರಗಳೆ ಮೊನ್ನೆ ಮುಗಿಯಿತು. ಆದ ಖರ್ಚು, ಕಾದ ಹೊತ್ತು, ಕೇಳಿಸಿಕೊಂಡ ತರಹೇವಾರಿ ಸಲಹೆಗಳನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ಮನೆ ಹಾವೇರಿಯ ಬಸವೇಶ್ವರ ನಗರದಲ್ಲಿ. ಯಂತ್ರಗಳ ವಿದ್ಯೆ ನನ್ನದಲ್ಲ. ಆದರೆ ಜಮಾ ಮತ್ತು ಖರ್ಚು ತಾಳೆಯಾಗದಿದ್ದರೆ ನಿದ್ದೆ ಬಾರದ ಸ್ವಭಾವ. ಈ ಪ್ರಕರಣದಲ್ಲಿ ಕೈಹಿಡಿದದ್ದು ಆ ಸ್ವಭಾವವೇ.

ಏಸಿ ಕೊಂಡದ್ದು 2021ರ ಮಾರ್ಚ್‌ನಲ್ಲಿ. ಒಂದೂವರೆ ಟನ್ನಿನ ಮೂರು ನಕ್ಷತ್ರದ ಇನ್ವರ್ಟರ್ ಸ್ಪ್ಲಿಟ್, ಒಳಗಿನ ಗ್ಯಾಸ್ ಆರ್-32. ಅದು ಇರುವುದು ತಂದೆಯವರ ಕೋಣೆಯಲ್ಲಿ. ಅವರಿಗೆ ಎಂಬತ್ತು ದಾಟಿದೆ, ಉಬ್ಬಸವಿದೆ, ಪಶ್ಚಿಮದ ಗೋಡೆ ಸಂಜೆಯವರೆಗೂ ಬಿಸಿಲು ಕುಡಿದು ರಾತ್ರಿಯಿಡೀ ಅದನ್ನು ಒಳಗೆ ಬಿಡುತ್ತದೆ. ನೌಕರಿಯ ಬಹುಕಾಲ ಧಾರವಾಡದಲ್ಲಿ ಕಳೆದವರು ಅವರು. ಅಲ್ಲಿ ಫ್ಯಾನು ಕೂಡ ಬೇಕಿರಲಿಲ್ಲ ಎಂದು ಪ್ರತಿ ಬೇಸಿಗೆಯಲ್ಲೂ ಒಮ್ಮೆಯಾದರೂ ಹೇಳುತ್ತಾರೆ, ಹೇಳುತ್ತಲೇ ರಿಮೋಟ್ ಕೇಳುತ್ತಾರೆ.

ಮೊದಲ ಸೂಚನೆ ಕೊಟ್ಟವರೂ ಅವರೇ. ಅಡ್ಡಮಳೆ ಬಿದ್ದು ಗಾಳಿಯಲ್ಲಿ ತೇವ ತುಂಬಿದ್ದ ಒಂದು ರಾತ್ರಿ, ಏಸಿ ನಿಂತು ನಿಂತು ನಡೆಯುತ್ತಿದೆ, ಗಾಳಿಯೇ ಬರುತ್ತಿಲ್ಲ ಎಂದು ಕರೆದರು. ತಂಪು ಸಾಲದೆಂದು 24ರಲ್ಲಿದ್ದದ್ದನ್ನು 18ಕ್ಕೆ ಇಳಿಸಿದ್ದರು, ಸದ್ದು ಕಿರಿಕಿರಿ ಎಂದು ಫ್ಯಾನನ್ನು ತೀರಾ ನಿಧಾನಕ್ಕೆ ಇಟ್ಟಿದ್ದರು. ಒಳಗಿನಿಂದ ಚಟಚಟ ಸದ್ದು ಬರುತ್ತಿತ್ತು. ಗೋಡೆಯ ಮೇಲೆ ನೀರಿನ ಗೆರೆ. ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ಎಳೆದಾಗ, ಅದರ ಹಿಂದಿನ ಕಾಯಿಲ್, ಅಂದರೆ ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸಾಲು, ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ಹಿಮಗಟ್ಟಿತ್ತು. ಹೊರಗೆ ಬೇಸಿಗೆಯ ಸೆಕೆ, ಒಳಗೆ ಕೈಬೆರಳಿನಷ್ಟು ದಪ್ಪದ ಮಂಜುಗಡ್ಡೆ, ಆದರೂ ಕೋಣೆ ಬೆಚ್ಚಗೆ!

ಇಂಥ ಹೊತ್ತಿನಲ್ಲಿ ಮನೆಯವರೆಲ್ಲರಿಗೂ ಒಂದೊಂದು ಉಪಾಯ ಹೊಳೆಯುತ್ತದೆ. ಬಿಸಿನೀರು ಸುರಿಯೋಣ ಎಂದರು ಒಬ್ಬರು, ಚಮಚದಿಂದ ಕೆರೆಯೋಣ ಎಂದರು ಇನ್ನೊಬ್ಬರು. ಎರಡೂ ಬೇಡ. ಕಾಯಿಲ್‌ನ ಅಲ್ಯೂಮಿನಿಯಂ ಪಟ್ಟಿಗಳು ಕಾಗದದಷ್ಟು ತೆಳು, ಅವುಗಳ ನಡುವಿನ ತಾಮ್ರದ ಕೊಳವೆಗೆ ತೂತು ಬಿದ್ದರೆ ರಿಪೇರಿಯ ಲೆಕ್ಕವೇ ಬೇರೆ. ಪಕ್ಕದಲ್ಲೇ ಇಲೆಕ್ಟ್ರಾನಿಕ್ ಬೋರ್ಡ್ ಇರುವುದರಿಂದ ನೀರು ಎರಚುವುದೂ ಅಪಾಯ. ಕೂಲಿಂಗ್ ಬಂದ್ ಮಾಡಿ ಬರೀ ಫ್ಯಾನ್ ನಡೆಯುವ ಹಾಗೆ ಬಿಡಬೇಕು. ನೀರು ಬೋರ್ಡಿನ ಕಡೆಗೋ ಸ್ವಿಚ್ಚಿನ ಕಡೆಗೋ ಹರಿಯುತ್ತಿದ್ದರೆ ವಿದ್ಯುತ್ ಕಡಿಯುವ ಎಂಸಿಬಿಯನ್ನೇ ಇಳಿಸಿ ತಾನಾಗಿ ಕರಗಲು ಬಿಡಬೇಕು. ಹಿಮ ಕರಗಲು ಕೆಲವು ತಾಸು ಹಿಡಿಯುತ್ತದೆ, ಕರಗಿದ ನೀರು ಟ್ರೇ ಮೀರಿ ಸುರಿಯುತ್ತದೆ. ಹಾಸಿಗೆ ಸರಿಸಿ, ಕೆಳಗೆ ಬುಟ್ಟಿ, ಹಳೆಯ ಪಂಚೆ ಎಲ್ಲ ಹರವಿ ಕಾದೆವು. ಹಿಮಗಟ್ಟಿದ ಹಾಗೆಯೇ ನಡೆಸುತ್ತಾ ಹೋದರೆ, ಆವಿಯಾಗದೆ ಉಳಿದ ದ್ರವರೂಪದ ಗ್ಯಾಸ್, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ಗೆ ನುಗ್ಗಿ ಅದನ್ನೇ ಕೆಡಿಸಬಹುದು. ಏಸಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದು.

ಕರಗಿಸುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದೆ. ಆಗ ಅದಕ್ಕೆ ವಿಶೇಷ ಕಾರಣವಿರಲಿಲ್ಲ, ದಾಖಲೆ ಇರಲಿ ಎಂದಷ್ಟೇ. ಮುಂದೆ ಇಡೀ ವ್ಯವಹಾರ ಆ ಚಿತ್ರಗಳ ಮೇಲೆ ನಿಂತಿತು.

ಮರುದಿನ ಮುಂಜಾನೆ ಕಂಪನಿಯ ಸಹಾಯವಾಣಿಗೆ ದೂರು ಕೊಟ್ಟೆ. ಯಂತ್ರದ ಕ್ರಮಸಂಖ್ಯೆ, ಕೊಂಡ ತಾರೀಕು, ಬಿಲ್ಲಿನ ಚಿತ್ರ ಕೇಳಿದರು. ಕ್ರಮಸಂಖ್ಯೆ ಇಂಡೋರ್ ಯಂತ್ರದ ಪಕ್ಕದ ಚೀಟಿಯಲ್ಲಿ ಸಿಕ್ಕಿತು. ಬಿಲ್ಲು ಮಾತ್ರ ಫೈಲಿನಲ್ಲಿದ್ದೂ ಇಲ್ಲದಂತಾಗಿತ್ತು: ಶಾಖಕ್ಕೆ ಅಚ್ಚಾಗುವ ಆ ನುಣುಪು ಕಾಗದದ ಅಕ್ಷರಗಳು ಐದು ವರ್ಷದಲ್ಲಿ ಪೂರ್ತಿ ಮಾಸಿಹೋಗಿದ್ದವು. ಅಂಗಡಿಯವರು ನನ್ನ ಮೊಬೈಲ್ ಸಂಖ್ಯೆಯಿಂದ ಹುಡುಕಿ ಇನ್ನೊಂದು ಪ್ರತಿ ಕೊಟ್ಟರು, ಅವರ ಪುಣ್ಯ. ಹೊಸದಾಗಿ ಏನೇ ಕೊಂಡರೂ ಬಿಲ್ಲಿನ ಜೆರಾಕ್ಸ್ ಅದೇ ದಿನ ತೆಗೆಸಿ. ವಾರಂಟಿಯ ವಿಷಯ ಓದಿದಾಗ ಯಂತ್ರಕ್ಕೆ ಪೂರ್ತಿಯಾಗಿ ಒಂದು ವರ್ಷ, ಕಂಪ್ರೆಸರ್‌ಗೆ ಹತ್ತು ವರ್ಷ ಎಂದಿತ್ತು. ಗ್ಯಾಸ್, ಸರ್ವಿಸ್, ಮೆಕ್ಯಾನಿಕ್ ಭೇಟಿ ಎಲ್ಲಕ್ಕೂ ನಾವೇ ದುಡ್ಡು ಕೊಡಬೇಕು. ಕಂಪ್ರೆಸರ್ ಕೆಟ್ಟಿಲ್ಲವಲ್ಲ ಎಂದು ಬೇಸರಪಡುವ ಸ್ಥಿತಿ.

ಆ ಕಂಪನಿಯ ಸರ್ವಿಸ್ ಕೇಂದ್ರ ಹಾವೇರಿಯಲ್ಲಿಲ್ಲ, ಹುಬ್ಬಳ್ಳಿಯಲ್ಲಿದೆ. ಸುಮಾರು 75 ಕಿಲೋಮೀಟರ್ ಒಂದೇ ಮನೆಗಾಗಿ ಯಾರೂ ಬರುವುದಿಲ್ಲ. ಹಾವೇರಿ, ರಾಣೆಬೆನ್ನೂರು ಕಡೆಯ ದೂರುಗಳು ಒಂದಷ್ಟು ಸೇರಿದ ಮೇಲೆ ಬರುತ್ತಾರೆ. ಬೇಸಿಗೆಯಲ್ಲಿ ಹುಬ್ಬಳ್ಳಿಯ ದೂರುಗಳೇ ಮುಗಿಯುವುದಿಲ್ಲವಂತೆ. ಕಾಯುತ್ತಿದ್ದಾಗ ಒಂದು ಸಂಜೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಮನೆಯ ಹೊಸ್ತಿಲು ಯಾರೂ ತುಳಿದಿರಲಿಲ್ಲ. ಮತ್ತೆ ಕರೆ ಮಾಡಿದರೆ ಹೊಸ ದೂರು, ಹೊಸ ಸಂಖ್ಯೆ, ಸರದಿಯಲ್ಲಿ ಮತ್ತೆ ಕೊನೆಯ ಸ್ಥಾನ.

ತಂದೆಯವರು ರಾತ್ರಿಯೆಲ್ಲ ಕುಳಿತೇ ಕಳೆಯುವ ಹಾಗಾಗಿತ್ತು. ಆದ್ದರಿಂದ ಊರಿನಲ್ಲೇ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆವು. ಕರೆದ ಎರಡು ತಾಸಿನಲ್ಲಿ ಬಂದ, ಅದಕ್ಕೆ ಅವನಿಗೆ ಪೂರ್ಣಾಂಕ. ಏಸಿ ಚಾಲೂ ಮಾಡಿ, ಔಟ್‌ಡೋರ್ ಯಂತ್ರದ ದಪ್ಪ ಕೊಳವೆಗೆ ಒತ್ತಡ ಅಳೆಯುವ ಗೇಜ್ ಹಚ್ಚಿ, ಮುಳ್ಳು ತೋರಿಸಿದ. ಗ್ಯಾಸ್ ಕಡಿಮೆಯಾಗಿದೆ, ನಾಲ್ಕೈದು ವರ್ಷವಾದರೆ ಗ್ಯಾಸ್ ಮುಗಿಯುವುದು ಸಹಜ ಎಂದ. ಸಿಲಿಂಡರ್ ಹಚ್ಚಿ ತುಂಬಿದ, ತೂಕ ಮಾಡಲಿಲ್ಲ. 2,500 ರೂಪಾಯಿ ಎಂದ. ರಸೀದಿ ಕೇಳಿದ್ದಕ್ಕೆ ನಕ್ಕ.

ಕೋಣೆ ತಣ್ಣಗಾಯಿತು, ತಂದೆಯವರು ಮಲಗಿದರು. ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಏಸಿಯ ಗ್ಯಾಸ್ ಅಡುಗೆ ಗ್ಯಾಸ್‌ನಂತೆ ಉರಿದು ಹೋಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ದ್ರವವಾಗುತ್ತದೆ, ಮತ್ತೆ ಆವಿಯಾಗುತ್ತದೆ, ಸುತ್ತುತ್ತಲೇ ಇರುತ್ತದೆ. ಅಡುಗೆಮನೆಯ ಫ್ರಿಜ್ಜಿನಲ್ಲೂ ಇದೇ ವ್ಯವಸ್ಥೆ, ಅದು ಹದಿನಾಲ್ಕು ವರ್ಷದಿಂದ ಗ್ಯಾಸ್ ಕೇಳಿಲ್ಲ. ಕಾರ್ಖಾನೆಯಲ್ಲಿ ಇಷ್ಟು ಗ್ರಾಂ ಜಮಾ ಆಗಿದೆ, ಈಗ ಕಡಿಮೆಯಿದೆ ಎಂದರೆ ಖರ್ಚು ಎಲ್ಲಿ ಬರೆಯಬೇಕು? ಸೋರಿದ ಜಾಗ ತೋರಿಸದೆ ಮತ್ತೆ ತುಂಬುವುದು ಯಾವ ಲೆಕ್ಕ?

ಉತ್ತರ ಏಸಿಯೇ ಕೊಟ್ಟಿತು. ಕೆಲವೇ ದಿನದಲ್ಲಿ ಮತ್ತೆ ಹಿಮ. ಮೆಕ್ಯಾನಿಕ್‌ನ ಫೋನು ಬಿಜಿಯಾಗಿಯೇ ಇತ್ತು.

ಇಷ್ಟರಲ್ಲಿ ನಾನು 1915ಕ್ಕೆ ಕರೆ ಮಾಡಿದ್ದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಬಾರದೆಯೇ ದೂರು ಮುಗಿಸಿದ್ದಾರೆ ಎಂದು ಹೇಳಿ, ಕಂಪನಿಯ ದೂರು ಸಂಖ್ಯೆಗಳನ್ನು ಕೊಟ್ಟೆ. ಅವರು ತಮ್ಮದೊಂದು ಸಂಖ್ಯೆ ಕೊಟ್ಟು ದೂರನ್ನು ಕಂಪನಿಗೆ ಕಳಿಸಿದರು. ಅವರು ತೀರ್ಪು ಕೊಡುವವರಲ್ಲ, ನಡುವೆ ನಿಂತು ಕೇಳುವವರು. ಆದರೆ ಕೇಳಿದ್ದರ ಪರಿಣಾಮ ಕಂಡಿತು: ಅಲ್ಲಿಯವರೆಗೆ ಸಿಗದ ಹುಬ್ಬಳ್ಳಿಯ ಕೇಂದ್ರದವರೇ ಕರೆ ಮಾಡಿ ದಿನ ನಿಗದಿ ಮಾಡಿದರು. ದಿನ ಯಾವುದು? ಸೋಮವಾರ! ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು, ಆ ದಿನ ಗುಮಾಸ್ತನಿಗೆ ರಜೆ ಕೇಳುವ ಧೈರ್ಯ ಇರಬಾರದು. ಬೇಡಿಕೊಂಡು ಮಂಗಳವಾರಕ್ಕೆ ಬದಲಿಸಿಕೊಂಡೆ.

ಕಂಪನಿಯ ಹುಡುಗ ಒಳ್ಳೆಯವನು. ಬಾಗಿಲಲ್ಲೇ ಮೊಬೈಲಿಗೆ ಬಂದ ಓಟಿಪಿ ಕೇಳಿದ. ಕೆಲಸ ಮುಗಿದ ಮೇಲೆ ಕೊಡುತ್ತೇನೆ ಎಂದೆ. ಒಪ್ಪಿದ. ಆ ಸಂಖ್ಯೆ ಕೊಟ್ಟರೆ ಅವರ ಪುಸ್ತಕದಲ್ಲಿ ದೂರು ಮುಗಿದ ಹಾಗೆ. ಫೋನಿನಲ್ಲಿ ಕೇಳಿದರೂ ಮೊದಲೇ ಕೊಡಬೇಡಿ.

ಅವನು ಮೊದಲು ಮಾಡಿದ ಕೆಲಸ ಗೇಜ್ ಹಚ್ಚುವುದಲ್ಲ, ಟಾರ್ಚ್ ಹಿಡಿದು ಕಾಯಿಲ್ ನೋಡುವುದು. ಫಿಲ್ಟರ್ ಸ್ವಚ್ಛವಾಗಿಯೇ ಇತ್ತು, ತಿಂಗಳಿಗೊಮ್ಮೆ ತೊಳೆಯುತ್ತೇವೆ. ಆದರೆ ಫಿಲ್ಟರಿನ ಜಾಲರಿ ತಡೆಯುವುದು ದಪ್ಪ ಧೂಳನ್ನು ಮಾತ್ರ. ತಂದೆಯವರ ಕೋಣೆಗೆ ಒಂದು ಕಡೆ ದೇವರ ಮನೆ, ಇನ್ನೊಂದು ಕಡೆ ಅಡುಗೆಮನೆ. ಊದಿನಕಡ್ಡಿಯ ಹೊಗೆ, ದೀಪದ ಮಸಿ, ಒಗ್ಗರಣೆಯ ಎಣ್ಣೆಯ ಹನಿ ಎಲ್ಲವೂ ಜಾಲರಿ ದಾಟಿ ಒಳಗಿನ ಪಟ್ಟಿಗಳಿಗೆ ಅಂಟಿಕೊಂಡು, ಆ ಅಂಟಿನ ಮೇಲೆ ಎರೆಮಣ್ಣಿನ ಸಣ್ಣ ಧೂಳು ಕುಳಿತು, ಕಾಯಿಲ್‌ಗೆ ಕಂಬಳಿ ಹೊದಿಸಿದಂತಾಗಿತ್ತು. ಗಾಳಿ ತಳ್ಳುವ ಉದ್ದನೆಯ ಚಕ್ರದ ಎಲೆಗಳಲ್ಲೂ ಅದೇ ಕರಿ ಮೆತ್ತಿತ್ತು.

ಹಿಮ ಏಕೆ ಕಟ್ಟುತ್ತದೆ ಎಂಬುದನ್ನು ಅವನೇ ಬಿಡಿಸಿ ಹೇಳಿದ. ಸರಿಯಿರುವ ಏಸಿಯಲ್ಲಿ ಕಾಯಿಲ್ ಐದರಿಂದ ಹತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೋಣೆಯ ಬಿಸಿ ಗಾಳಿ ಸಾಕಷ್ಟು ಹಾಯುತ್ತಿದ್ದರೆ ಆ ಶಾಖದಿಂದ ಒಳಗಿನ ಗ್ಯಾಸ್ ಆವಿಯಾಗುತ್ತದೆ, ಗಾಳಿಯ ತೇವ ನೀರಾಗಿ ಇಳಿದು ಪೈಪಿನಿಂದ ಹೊರಗೆ ಹೋಗುತ್ತದೆ. ಗಾಳಿ ಸಾಲದಿದ್ದರೆ ಕಾಯಿಲ್ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತದೆ, ಇಳಿಯಬೇಕಾದ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಹಿಮ ಗಾಳಿಯ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ, ಅದರಿಂದ ಇನ್ನಷ್ಟು ಹಿಮ. ಫ್ಯಾನ್ ನಿಧಾನಕ್ಕೆ ಇದ್ದದ್ದು, ಅಡ್ಡಮಳೆಯ ತೇವ, ಎರಡೂ ಸೇರಿ ಅದನ್ನು ಬೇಗ ತಂದಿದ್ದವು. ತಂದೆಯವರು ನನ್ನತ್ತ ನೋಡಲಿಲ್ಲ.

ನನ್ನ ಕಿವಿ ನೆಟ್ಟಗಾದದ್ದು ಅವನ ಇನ್ನೊಂದು ಮಾತಿಗೆ. ಹಿಮ ಕಟ್ಟಿರುವಾಗ ಅಥವಾ ಕಾಯಿಲ್ ಕೊಳೆಯಿಂದ ಮುಚ್ಚಿರುವಾಗ ಗೇಜ್ ಹಚ್ಚಿದರೆ, ಗ್ಯಾಸ್ ಪೂರ್ತಿ ಇದ್ದರೂ ಮುಳ್ಳು ಕೆಳಗೇ ತೋರಿಸುತ್ತದೆ. ಅಂದರೆ ಊರಿನ ಮೆಕ್ಯಾನಿಕ್ ತೋರಿಸಿದ ಮುಳ್ಳಿನಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ಪೂರ್ತಿ ಕರಗಿಸಿ, ತೊಳೆದು, ಆಮೇಲೆ ಅಳೆಯಬೇಕು.

ಜೆಟ್ ಪಂಪಿನಿಂದ ತೊಳೆಯಲು ಬಕೆಟ್‌ಗಟ್ಟಲೆ ನೀರು ಬೇಕು. ಅಂದು ನಲ್ಲಿ ನೀರು ಬರುವ ದಿನವಲ್ಲ, ಸಂಪಿನ ತಳದಿಂದ ಎತ್ತಿ ಕೊಟ್ಟೆವು. ಸರ್ವಿಸ್ ಹೇಳುವಾಗ ನೀರಿನ ವ್ಯವಸ್ಥೆ ನೋಡಿಕೊಂಡು ದಿನ ಕೊಡಿ. ಇಂಡೋರ್ ಯಂತ್ರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಬೋರ್ಡ್ ಮುಚ್ಚಿ, ತೊಳೆದಾಗ ಇಳಿದ ನೀರು ಕಾಡಿಗೆಯ ಬಣ್ಣದ್ದು. 700 ರೂಪಾಯಿ, ಶೇಕಡಾ 18ರ ಜಿಎಸ್‌ಟಿ ಸೇರಿ 826, ಮುದ್ರಿತ ಬಿಲ್ಲು. ಓಟಿಪಿ ಕೊಟ್ಟೆ.

ಗಾಳಿ ರಭಸದಿಂದ ಬಂತು. ಮುಗಿಯಿತು ಎಂದುಕೊಂಡೆವು. ವಾರ ಕಳೆಯುವಷ್ಟರಲ್ಲಿ ತಂಪು ಮತ್ತೆ ಇಳಿಯತೊಡಗಿತು. ಮುಚ್ಚಳ ಎತ್ತಿದೆ. ಹಿಮವಿತ್ತು, ಆದರೆ ಈ ಸಲ ಒಂದು ಮೂಲೆಯಲ್ಲಿ, ಕೆಲವೇ ಕೊಳವೆಗಳ ಮೇಲೆ. ಉಳಿದ ಕಾಯಿಲ್ ಒಣಗಿತ್ತು, ಅದರ ಮೇಲೆ ನೀರಿನ ಹನಿಯೂ ಇರಲಿಲ್ಲ. ಮಾಳಿಗೆಯ ಮೇಲೆ ಹೋಗಿ ನೋಡಿದರೆ ಔಟ್‌ಡೋರ್ ಯಂತ್ರದಿಂದ ಹೊರಡುವ ಸಣ್ಣ ಕೊಳವೆಯ ನಟ್ಟಿನ ಮೇಲೂ ಬಿಳಿ ಮಂಜು. ಎರಡರದ್ದೂ ಚಿತ್ರ ತೆಗೆದೆ.

ಮತ್ತೆ ದೂರು, ಮತ್ತೆ ಕಾಯುವುದು. ಈ ಸಲ ಬಂದವನು ಬೇರೆಯವನು, ಅವಸರದಲ್ಲಿದ್ದ. ಮುಟ್ಟಿ ನೋಡಿದ, ಗೇಜ್ ಹಚ್ಚಿದ, ಒಳಗಿನ ಕಾಯಿಲ್ ಸೋರುತ್ತಿದೆ, ಬದಲಿಸಬೇಕು ಎಂದು ಬರೆದುಕೊಟ್ಟ. ಕಾಯಿಲ್ 8,500, ಗ್ಯಾಸ್ 3,200, ಕೂಲಿ 1,300, ಜಿಎಸ್‌ಟಿ ಸೇರಿ 15,340 ರೂಪಾಯಿ. ಭೇಟಿಯ ಶುಲ್ಕ ಬೇರೆ, 413. ಸೋರುವ ಜಾಗ ಎಲ್ಲಿ, ತೋರಿಸಿ ಎಂದೆ. ಕಾಣುವುದಿಲ್ಲ, ಒಳಗಿರುತ್ತದೆ ಎಂದ. ಹೇಗೆ ತಿಳಿಯಿತು ಎಂದೆ. ಸಾಮಾನ್ಯವಾಗಿ ಕಾಯಿಲ್‌ನಲ್ಲೇ ಸೋರುತ್ತದೆ ಎಂದ. ಸಾಮಾನ್ಯವಾಗಿ ಎಂಬುದಕ್ಕೆ ಹದಿನೈದು ಸಾವಿರ ಕೊಡಲು ನನಗೆ ಮನಸ್ಸಾಗಲಿಲ್ಲ.

ಅಂಗಡಿಯವರ ಸಲಹೆ ಇನ್ನೂ ಸರಳ: ಹೊಸದೇ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಏಸಿಯ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿರುವುದರಿಂದ ಇದೇ ಸಮಯ ಎಂದರು. ಇಳಿದದ್ದು ನಿಜ. ಆದರೂ ಕಂತು ಕಂತಾಗಿ ನಲವತ್ತು ಸಾವಿರದ ಹತ್ತಿರ.

ತಿರುವು ಸಿಕ್ಕಿದ್ದು ಬ್ಯಾಡಗಿಯಲ್ಲಿ. ನಮ್ಮೂರಿನ ಮೆಣಸಿನಕಾಯಿ ಹೊರಗಿನವರಿಗೆ ಬಣ್ಣದಿಂದ ಪರಿಚಯ. ಆ ಬಣ್ಣ ಮಾಸದಂತೆ ಕಾಯುವ ಶೀತಲ ಗೃಹಗಳು ಬ್ಯಾಡಗಿಯ ಸುತ್ತ ಎಷ್ಟೊಂದಿವೆ ಎಂಬುದು ಅವರಿಗೆ ಅಷ್ಟು ಗೊತ್ತಿಲ್ಲ. ನಮ್ಮ ಅಂಗಡಿಯ ಮಾಲು ಇಡುವ ಶೀತಲ ಗೃಹದಲ್ಲಿ ಅಮೋನಿಯಾ ಯಂತ್ರ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಕಾಯಿಲ್ ಮೇಲೆ ಹಿಮ ಕಟ್ಟುವುದು, ಅದನ್ನು ಹೊತ್ತು ನೋಡಿ ಕರಗಿಸುವುದು ಅವರ ದಿನಚರಿ. ಬಾಡಿಗೆಯ ಲೆಕ್ಕ ಕೊಡಲು ಹೋದಾಗ ಚಿತ್ರಗಳನ್ನು ತೋರಿಸಿದೆ. ಮೊದಲಿನದನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎಲ್ಲ ಕಡೆ ಸಮನಾಗಿ ಕಟ್ಟಿದ್ದರೆ ಗಾಳಿಯ ತೊಂದರೆ, ಒಳಬರುವ ತುದಿಯಲ್ಲಿ ಮಾತ್ರ ಕಟ್ಟಿ ಉಳಿದದ್ದು ಒಣಗಿದ್ದರೆ ಹೆಚ್ಚಾಗಿ ಗ್ಯಾಸ್ ಕಡಿಮೆ, ನಿಮ್ಮಲ್ಲಿ ಎರಡೂ ಇದ್ದವು, ಕೊಳೆ ತೆಗೆದ ಮೇಲೆ ಎರಡನೆಯದು ಎದ್ದು ಕಂಡಿತು ಎಂದರು.

ಗ್ಯಾಸ್ ಕಡಿಮೆಯಾದರೆ ತಂಪೂ ಕಡಿಮೆಯಾಗಬೇಕಲ್ಲ, ಹಿಮ ಹೇಗೆ? ಮನೆಗೆ ಬಂದ ನೆಂಟರೆಲ್ಲ ಕೇಳಿದ ಪ್ರಶ್ನೆ ಇದು, ನನ್ನದೂ. ಅವರು ಹೇಳಿದ್ದು ಹೀಗೆ: ಗ್ಯಾಸ್ ಕಡಿಮೆಯಾದಂತೆ ಕಾಯಿಲ್ ಒಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಗ್ಯಾಸ್ ಕುದಿಯುವ ಉಷ್ಣಾಂಶವೂ ಇಳಿಯುತ್ತದೆ. ಆರ್-32ರಲ್ಲಿ ಗೇಜ್ ಸುಮಾರು 103 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದರೆ ಅದು ಕುದಿಯುವುದು ಶೂನ್ಯ ಡಿಗ್ರಿಯಲ್ಲಿ, ಅದಕ್ಕೂ ಕೆಳಗಾದರೆ ಕೊಳವೆ ಹೆಪ್ಪುಗಟ್ಟಿಸುವಷ್ಟು ತಣ್ಣಗಾಗುತ್ತದೆ. ಆದರೆ ಇರುವ ಸ್ವಲ್ಪ ಗ್ಯಾಸ್ ಮೊದಲ ಕೆಲವು ಕೊಳವೆಗಳಲ್ಲೇ ಆವಿಯಾಗಿ ತೀರುವುದರಿಂದ ಉಳಿದ ಕಾಯಿಲ್‌ಗೆ ಕೆಲಸವಿಲ್ಲ. ಒಂದು ಮೂಲೆ ಹಿಮ, ಉಳಿದದ್ದು ಬೆಚ್ಚಗೆ. ಹಿಮ ಕಟ್ಟಿದರೆ ಕಂಪ್ರೆಸರ್ ನಿಲ್ಲಿಸಬೇಕಾದ ಸೆನ್ಸರ್ ಕಾಯಿಲ್‌ನ ನಡುವೆ ಇದ್ದರೆ ಅದಕ್ಕೆ ಆ ಮೂಲೆಯ ಸುದ್ದಿಯೇ ಮುಟ್ಟುವುದಿಲ್ಲ.

ಮನೆಯ ಏಸಿ ಅವರು ಮುಟ್ಟುವುದಿಲ್ಲ. ರಾಣೆಬೆನ್ನೂರಿನಲ್ಲಿ ತಮಗೆ ಗೊತ್ತಿರುವ ಒಬ್ಬನನ್ನು ಕಳಿಸುತ್ತೇನೆ, ಅವನು ಸೋರಿಕೆ ಹುಡುಕಲು ನೈಟ್ರೋಜನ್ ತರುತ್ತಾನೆ ಎಂದರು. ನೈಟ್ರೋಜನ್ ಸಿಲಿಂಡರ್ ಖಾಲಿಯಾಗಿ, ತುಂಬಿ ಬರುವವರೆಗೆ ಮತ್ತಷ್ಟು ದಿನ. ಅಷ್ಟರಲ್ಲಿ ನಾವು ಕೂಲರ್ ಬಾಡಿಗೆ ತಂದಿದ್ದೆವು. ತೇವದ ಗಾಳಿ ತಂದೆಯವರ ಉಬ್ಬಸಕ್ಕೆ ಆಗಿಬರಲಿಲ್ಲ, ಎರಡನೆಯ ರಾತ್ರಿಯೇ ವಾಪಸ್ ಹೋಯಿತು. ಮನೆಯಲ್ಲಿ ನನ್ನ ಮೇಲೆ ಒಳಗೊಳಗೇ ಸಿಟ್ಟು ಇತ್ತು. ಲೆಕ್ಕ ಲೆಕ್ಕ ಎಂದು ಮುದುಕರನ್ನು ಬೇಯಿಸುತ್ತಿದ್ದಾನೆ ಎಂದು ತಂಗಿ ಫೋನಿನಲ್ಲಿ ನೇರವಾಗಿಯೇ ಹೇಳಿದಳು. ಆ ರಾತ್ರಿ ಕೊಟೇಶನ್ ಚೀಟಿಯನ್ನು ಕೈಯಲ್ಲಿ ಹಿಡಿದು, ಕಟ್ಟಿಬಿಡೋಣವೇ ಎಂದು ಬಹಳ ಹೊತ್ತು ಕುಳಿತಿದ್ದೆ.

ರಾಣೆಬೆನ್ನೂರಿನವನು ಬಂದು ಮೊದಲು ಔಟ್‌ಡೋರ್ ಯಂತ್ರದ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದ. ದಪ್ಪ ಕೊಳವೆಯ ಫ್ಲೇರ್ ನಟ್ (ಕೊಳವೆಯ ಅರಳಿಸಿದ ತುದಿಯನ್ನು ಬಿಗಿಯುವ ನಟ್ಟು) ಸುತ್ತ ಎಣ್ಣೆಯ ಕಲೆ, ಅದರ ಮೇಲೆ ಧೂಳು. ಗ್ಯಾಸಿನ ಜೊತೆ ಕಂಪ್ರೆಸರ್‌ನ ಎಣ್ಣೆಯೂ ಸುತ್ತುತ್ತಿರುತ್ತದೆ, ಗ್ಯಾಸ್ ಸೋರಿದ ಕಡೆ ಎಣ್ಣೆ ಗುರುತು ಬಿಡುತ್ತದೆ ಎಂದ. ಇದನ್ನು ನೋಡಲು ಟಾರ್ಚ್ ಕೂಡ ಬೇಕಿರಲಿಲ್ಲ, ಮುಚ್ಚಳದ ಒಂದು ಸ್ಕ್ರೂ ಬಿಚ್ಚಿದ್ದರೆ ಸಾಕಿತ್ತು. ನಿಮ್ಮ ಮನೆಯಲ್ಲೂ ಗ್ಯಾಸ್ ಕಡಿಮೆ ಎಂದು ಯಾರಾದರೂ ಹೇಳಿದರೆ ಮೊದಲು ಆ ನಟ್ಟುಗಳನ್ನು ತೋರಿಸಲು ಹೇಳಿ.

ಕಲೆ ಕಂಡಿತೆಂದು ಅವನು ಅಲ್ಲಿಗೇ ನಿಲ್ಲಲಿಲ್ಲ. ಉಳಿದಿದ್ದ ಗ್ಯಾಸನ್ನು ಬೇರೆ ಸಿಲಿಂಡರ್‌ಗೆ ಎಳೆದುಕೊಂಡು, ಕೊಳವೆಗಳಿಗೆ ನೈಟ್ರೋಜನ್ ತುಂಬಿ, ಒತ್ತಡವನ್ನು 350 ಪಿಎಸ್‌ಐಗೆ ಏರಿಸಿ, ಸಾಬೂನಿನ ನೊರೆ ಹಚ್ಚಿದ. ನಟ್ಟಿನಿಂದ ಗುಳ್ಳೆಗಳು ಎದ್ದವು. ಬಿಚ್ಚಿದಾಗ ತಾಮ್ರದ ಕೊಳವೆಯ ಅರಳಿಸಿದ ಅಂಚು ಒಂದು ಕಡೆ ಸೀಳಿತ್ತು. ಅಳವಡಿಸಿದ ದಿನ ನಟ್ಟನ್ನು ಅಳತೆಯಿಲ್ಲದೆ ಬಿಗಿದಿದ್ದಾರೆ, ಐದು ವರ್ಷದಿಂದ ಕೂದಲೆಳೆಯಷ್ಟು ಸೋರುತ್ತಾ ಬಂದಿದೆ ಎಂದ. ಅಂದರೆ ಊರಿನ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು, ಗ್ಯಾಸ್ ನಿಜವಾಗಿಯೂ ಕಡಿಮೆಯಿತ್ತು. ಅವನ ಗೇಜ್ ತೋರಿಸಿದ ಕಾರಣಕ್ಕಲ್ಲ, ಅಷ್ಟೇ. ಅವನು ತುಂಬಿದ್ದೂ ಅದೇ ಸೀಳಿನಿಂದ ಹೊರಗೆ ಹೋಗಿತ್ತು.

ಅಂಚು ಕತ್ತರಿಸಿ, ಹೊಸದಾಗಿ ಅರಳಿಸಿ, ಅಳತೆಯ ಪಾನಾದಿಂದ ಬಿಗಿದು, ಮತ್ತೆ ನೈಟ್ರೋಜನ್ ತುಂಬಿ ಮಧ್ಯಾಹ್ನದ ಊಟ ಮುಗಿಸಿ ಸಂಜೆಯವರೆಗೆ ಹಾಗೇ ಬಿಟ್ಟ. ಮುಳ್ಳು ಕದಲಲಿಲ್ಲ. 15,340 ರೂಪಾಯಿಯ ಕಾಯಿಲ್‌ನಲ್ಲಿ ದೋಷವಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಅವನು ಒತ್ತಿ ಹೇಳಿದ, ನಾನೂ ಒತ್ತಿ ಬರೆಯುತ್ತೇನೆ. ಈ ಪರೀಕ್ಷೆಗೆ ನೈಟ್ರೋಜನ್ ಮಾತ್ರ. ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರ್ ತಂದು ಒತ್ತಡ ಕೊಡುವವರಿದ್ದಾರೆ. ಎಣ್ಣೆಯ ಜೊತೆ ಸೇರಿ ಅದು ಸ್ಫೋಟಿಸುತ್ತದೆ, ಪ್ರಾಣ ಹೋಗುತ್ತದೆ. ಅಂಥವರನ್ನು ಗೇಟಿನಲ್ಲೇ ತಡೆಯಿರಿ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್ ಕೂಡ, ಕೆಲಸ ನಡೆಯುವಾಗ ಬೀಡಿ, ಊದಿನಕಡ್ಡಿ ಏನೂ ಬೇಡ.

ಮುಂದಿನದು ವ್ಯಾಕ್ಯೂಮ್ ಪಂಪ್. ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆಯದೆ ಗ್ಯಾಸ್ ತುಂಬಿದರೆ ತೇವ ಒಳಗೇ ಉಳಿದು ಎಣ್ಣೆಯನ್ನು ಕೆಡಿಸುತ್ತದೆ. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಪಂಪ್ ನಡೆಯಿತು. ಆಮೇಲೆ ಸಿಲಿಂಡರನ್ನು ತಕ್ಕಡಿಯ ಮೇಲೆ ಇಟ್ಟ. ಔಟ್‌ಡೋರ್ ಯಂತ್ರದ ಫಲಕದ ಮೇಲೆ ಗ್ಯಾಸಿನ ತೂಕ ಬರೆದಿರುತ್ತದೆ, ನಮ್ಮದರಲ್ಲಿ 820 ಗ್ರಾಂ. ಅಂಕಿ ಇಳಿಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. 820ಕ್ಕೆ ವಾಲ್ವ್ ಮುಚ್ಚಿದ. ಈ ಎಲ್ಲ ಗಲಾಟೆಯಲ್ಲಿ ನನಗೆ ಮೊದಲ ಸಲ ನೆಮ್ಮದಿ ಆದದ್ದು ಆಗ, ಗಾಳಿ ತಣ್ಣಗಾದಾಗ ಅಲ್ಲ.

ಪರೀಕ್ಷೆ ಮತ್ತು ಫ್ಲೇರ್ ಕೆಲಸಕ್ಕೆ 1,500, ಗ್ಯಾಸಿಗೆ 2,800, ಹೊಸ ನಟ್ಟು ಮತ್ತು ಕೊಳವೆಯ ಹೊದಿಕೆಗೆ 250, ಒಟ್ಟು 4,550. ಬಿಲ್ಲಿನಲ್ಲಿ 820 ಗ್ರಾಂ ಎಂದೂ ಬರೆಸಿಕೊಂಡೆ. 250 ರೂಪಾಯಿಯ ಒಂದು ಡಿಜಿಟಲ್ ಥರ್ಮಾಮೀಟರ್ ನಾನೇ ತಂದೆ. ಒಳಗೆ ಎಳೆಯುವ ಗಾಳಿ 27 ಡಿಗ್ರಿ, ಹೊರಗೆ ಬಿಡುವ ಗಾಳಿ 15. ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ ಎಂದಿದ್ದಾನೆ. ಅದು ಕಡಿಮೆಯಾಗುತ್ತಾ ಬಂದರೆ ಹಿಮ ಕಾಣುವ ಮುನ್ನವೇ ಗೊತ್ತಾಗುತ್ತದೆ. ಪ್ರತಿ ಭಾನುವಾರ ತಂದೆಯವರೇ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ, ಫ್ಯಾನನ್ನು ನಡುವಿನ ವೇಗಕ್ಕೂ ತಂದಿದ್ದಾರೆ.

ಖರ್ಚಿನ ಪಟ್ಟಿಯಲ್ಲಿ ಕಾಣದ ಇನ್ನೊಂದು ಖರ್ಚು ವಿದ್ಯುತ್ತಿನದು. ಗೃಹಜ್ಯೋತಿಯ 200 ಯೂನಿಟ್‌ಗಳ ಒಳಗೆ ಬೇಸಿಗೆ ಕಳೆಯುವುದು ನಮ್ಮ ಮನೆಯ ವಾರ್ಷಿಕ ಕಸರತ್ತು, 190ರ ಆಸುಪಾಸಿನಲ್ಲಿ ತಂದು ನಿಲ್ಲಿಸುತ್ತಿದ್ದೆವು. ಹಿಮಗಟ್ಟಿದ ಏಸಿ ಕೋಣೆಯನ್ನು ತಂಪು ಮಾಡಲಾಗದೆ ಕಂಪ್ರೆಸರನ್ನು ಓಡಿಸುತ್ತಲೇ ಇರುತ್ತದೆ. ಆ ತಿಂಗಳು 231 ಯೂನಿಟ್ ಬಂತು. 200 ದಾಟಿದರೆ ಹೆಚ್ಚುವರಿ 31ಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹತ್ತಿರ ಹತ್ತಿರ 1,800 ರೂಪಾಯಿ ಹೋಯಿತು. ಬಳಕೆ ಅಷ್ಟೇ ಇದ್ದೂ ಯೂನಿಟ್ ಏರಿದರೆ ಏಸಿಯ ಮುಚ್ಚಳ ಎತ್ತಿ ನೋಡಿ.

ರಿಪೇರಿಗೆ ಮಾತ್ರ ಹೋದದ್ದು 2,500, 826, 413 ಮತ್ತು 4,550, ಕೂಡಿದರೆ 8,289. ಮೊದಲಿನ 2,500 ಬರುವ ಆಸೆಯಿಲ್ಲ, ಅದಕ್ಕೆ ಕಾಗದವೇ ಇಲ್ಲ. ಎರಡನೆಯ ಭೇಟಿಯ 413ನ್ನು ಕಂಪನಿಯಿಂದ ವಾಪಸ್ ಕೇಳಿದ್ದೇನೆ. ಪರೀಕ್ಷಿಸದೆ ಕಾಯಿಲ್ ಕೆಟ್ಟಿದೆ ಎಂದು ಬರೆದುಕೊಟ್ಟ ಚೀಟಿ, ನೈಟ್ರೋಜನ್ ಗೇಜಿನ ಮಧ್ಯಾಹ್ನದ ಮತ್ತು ಸಂಜೆಯ ಚಿತ್ರ, ಸೀಳಿದ ಅಂಚಿನ ಚಿತ್ರ ಎಲ್ಲವನ್ನೂ ಕಳಿಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ ಎಂಬುದನ್ನೂ ಪತ್ರದ ಕೊನೆಯಲ್ಲಿ ವಿನಯದಿಂದ ನೆನಪಿಸಿದ್ದೇನೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿದೆ. ಸದ್ಯಕ್ಕೆ ಖಾತೆಯಲ್ಲಿ ಅದನ್ನು ಬರಬೇಕಾದ ಬಾಕಿ ಎಂದು ಬರೆದಿಟ್ಟಿದ್ದೇನೆ.